ಅಕ್ಕಡಿ ಸಾಲಿನ ಅವರೆಯೂ ನನ್ನ ಇಂಟರ್ನ್‌ಶಿಪ್ಪೂ

ಬಿ.ಎ. ಕೊನೆ ವರ್ಷದಲ್ಲಿ ಬೆಂಗಳೂರಿನ ಒಂದು ರೈತ ಸಂಸ್ಥೆಯಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿದೆ. ರೈತರ ತೊಂದರೆಗಳನ್ನು ಸರ್ಕಾರದ ಮುಂದಿಡೋದು ಅವರ ಕೆಲಸ. 2024-25ರ ಸಾಲಿನಲ್ಲಿ ರಾಗಿಗೆ ಕ್ವಿಂಟಲ್‌ಗೆ 4,290 ರೂಪಾಯಿ ಬೆಂಬಲ ಬೆಲೆ ಇತ್ತು. ಆದರೆ ಕುಣಿಗಲ್ ಕಡೆಯ ಹನ್ನೊಂದು ರೈತರ ಹೆಸರು ಖರೀದಿ ಕೇಂದ್ರದಲ್ಲಿ ನೋಂದಣಿಯೇ ಆಗುತ್ತಿರಲಿಲ್ಲ. ಅವರ ಪರವಾಗಿ ಮನವಿ ಬರೆಯೋದು ನನ್ನ ಮೊದಲ ಕೆಲಸ.

ಊರಿಗೆ ಹೋಗುವ ಮುಂಚೆಯೇ ನಾಲ್ಕು ಪುಟ ಬರೆದೆ. ನಮ್ಮ ಮೇಡಂ ಪೂರ್ತಿ ಓದಿ, "ಇದನ್ನ ಓದಿದ ಅಧಿಕಾರಿ ನಾಳೆ ಬೆಳಿಗ್ಗೆ ಏನು ಮಾಡಬೇಕು, ಹೇಳಮ್ಮ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನವೇ ಬಸ್ ಹತ್ತಿದೆ.

ಅಲ್ಲೊಬ್ಬರು ಅಜ್ಜ ನನ್ನನ್ನು ನಡುಮನೆಗೆ ಕರ್ಕೊಂಡು ಹೋದರು. ಗೋಡೆಗೆ ಒರಗಿಸಿದ ಚೀಲಗಳು, ಒಂದರ ಬಾಯಿ ಬಿಚ್ಚಿತ್ತು. "ಮನೆ ತುಂಬಾ ರಾಗಿ ಐತೆ, ಕಂಪ್ಯೂಟರ್‌ನಾಗೆ ಇಲ್ವಂತೆ ಕಣವ್ವ" ಅಂದರು. ಪಹಣಿ ತೆಗೆಸಿ ನೋಡಿದರೆ ಬೆಳೆ ಕಾಲಂನಲ್ಲಿ ಬರೀ ಅವರೆ! ಆ ಸೀಮೆಯಲ್ಲಿ ರಾಗಿ ಹೊಲದ ನಡುನಡುವೆ ಅವರೆಯ ಅಕ್ಕಡಿ ಸಾಲು ಹಾಕ್ತಾರೆ. ಬೆಳೆ ಸಮೀಕ್ಷೆಗೆ ಬಂದವರು ಆ ಸಾಲನ್ನೇ ಫೋಟೋ ತೆಗೆದು, ಅದನ್ನೇ ಬೆಳೆ ಅಂತ ಹಾಕಿಬಿಟ್ಟಿದ್ದರು. ರೈತರ ಎಫ್‌ಐಡಿಗೆ, ಅಂದ್ರೆ ಸರ್ಕಾರ ಪ್ರತಿ ರೈತರಿಗೂ ಕೊಡುವ ಗುರುತಿನ ಸಂಖ್ಯೆಗೆ, ಅದೇ ಮಾಹಿತಿ ಜೋಡಣೆಯಾಗಿತ್ತು. ಹಾಗಾಗಿ ಖರೀದಿ ಕೇಂದ್ರದವರು ಹೆಸರು ಹಾಕಲು ಹೋದರೆ ರಾಗಿ ಅಂತ ತೋರಿಸುತ್ತಲೇ ಇರಲಿಲ್ಲ.

ಎರಡನೇ ಮನವಿ ಒಂದೇ ಪುಟ. ಜೊತೆಗೆ ಒಂದು ಪಟ್ಟಿ: ಸರ್ವೆ ನಂಬರ್, ಎಫ್‌ಐಡಿ, ದಾಖಲೆಯಲ್ಲಿರುವ ಬೆಳೆ, ನಿಜಕ್ಕೂ ಬೆಳೆದದ್ದು. ಹೊಲದಲ್ಲಿ ಉಳಿದಿದ್ದ ರಾಗಿ ಕೂಳೆಯ ಫೋಟೋ ಕೂಡ ಲಗತ್ತಿಸಿದೆ. ಕೇಳಿದ್ದು ಎರಡೇ: ದಾಖಲೆ ತಿದ್ದಿ, ಅಲ್ಲಿವರೆಗೆ ನೋಂದಣಿ ನಿಲ್ಲಿಸಬೇಡಿ.

ಒಂದು ಪ್ರತಿ ತಾಲ್ಲೂಕು ಕಚೇರಿಗೆ, ಇನ್ನೊಂದು ಸರ್ಕಾರಿ ಕಚೇರಿಗಳಿರುವ ಬೆಂಗಳೂರಿನ ಎಂ.ಎಸ್. ಬಿಲ್ಡಿಂಗ್‌ಗೆ. ಮನವಿಯನ್ನು ಸುಮ್ನೆ ಯಾರ ಕೈಗೋ ಕೊಟ್ಟು ಬರಬಾರದು ಅಂತ ಗೊತ್ತಾಗಿದ್ದು ಅಲ್ಲೇ. ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿ ಮೇಲೆ ಸೀಲು, ತಾರೀಕು, ನಂಬರ್ ಹಾಕಿಸಿಕೊಳ್ಳಬೇಕು. ಆ ನಂಬರ್ ಹಿಡಿದು ಕೇಳಿದರೆ ಫೈಲು ಯಾವ ಟೇಬಲ್‌ನಲ್ಲಿದೆ ಅಂತ ಹೇಳ್ತಾರೆ. ನಾನು ಎರಡು ದಿನಕ್ಕೊಮ್ಮೆ ಹೋಗ್ತಿದ್ದೆ. ಫೈಲು ನೋಡಿಕೊಳ್ಳುವ ವಿಷಯ ನಿರ್ವಾಹಕರೊಬ್ಬರು ಪಟ್ಟಿಯ ಮೇಲೆ ಬೆರಳಿಟ್ಟು, "ಹೀಗೆ ತಂದ್ರೆ ನಮಗೂ ನೋಟ್ ಹಾಕೋಕೆ ಸುಲಭ" ಅಂದಾಗ ತುಂಬಾ ಖುಷಿಯಾಯಿತು.

ಏಳು ಜನರ ದಾಖಲೆ ಸರಿಯಾಗಿ ನೋಂದಣಿ ಆಯಿತು. ನಾಲ್ಕು ಜನರದ್ದು ಆಗುವ ಹೊತ್ತಿಗೆ ನೋಂದಣಿಯೇ ಮುಗಿದಿತ್ತು. ಅಜ್ಜ ಆ ನಾಲ್ವರಲ್ಲಿ ಒಬ್ಬರು. ಬೆಂಬಲ ಬೆಲೆಗಿಂತ ಕಡಿಮೆಗೆ ವ್ಯಾಪಾರಿಗೆ ಮಾರಿದರು. ನನಗೆ ಈಗಲೂ ಸಂಕಟ ಆಗೋದು ಇದಕ್ಕೇ. ಸಮೀಕ್ಷೆಗೆ ಆಕ್ಷೇಪಣೆ ಹಾಕಬಹುದು ಅನ್ನೋದೇ ಅವರಿಗೆ ಯಾರೂ ಹೇಳಿರಲಿಲ್ಲ. ಸಮೀಕ್ಷೆಯಲ್ಲಿ ಯಾರ ಹೊಲಕ್ಕೆ ಯಾವ ಬೆಳೆ ಬರೆದಿದ್ದಾರೆ ಅನ್ನೋ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿದ್ದರೂ ಸಾಕಿತ್ತು, ಅಲ್ವಾ?

ಮುಂದಿನ ಮುಂಗಾರಿನ ಸಮೀಕ್ಷೆ ಮುಗಿದ ಮೇಲೆ ಮತ್ತೆ ಆ ಊರಿಗೆ ಹೋದೆ. ಅಜ್ಜನ ಮೊಮ್ಮಗನ ಫೋನ್‌ನಲ್ಲಿ, ಸಮೀಕ್ಷೆಯಲ್ಲಿ ದಾಖಲಾದ ಬೆಳೆ ತೋರಿಸುವ ಬೆಳೆ ದರ್ಶಕ್ ಆ್ಯಪ್ ಹಾಕಿ ಸರ್ವೆ ನಂಬರ್ ಒತ್ತಿದೆವು. ರಾಗಿ ಅಂತ ಬಂತು, ಅದರ ಕೆಳಗೆ ಅವರೆ. ಅಜ್ಜ ಕನ್ನಡಕ ಹಾಕ್ಕೊಂಡು ತಾವೇ ಇನ್ನೊಂದು ಸಲ ಓದಿದರು.