ಆರು ಡಿಸ್ಕಿನ ಮನೆ ಸರ್ವರ್: ಕಾಸರಗೋಡಿನ ಮಳೆ, ಸಿಡಿಲು, ಕರೆಂಟಿಗೆ ತಕ್ಕ ಹಾಗೆ

ಇಡೀ ರಾತ್ರಿಯ ಒಂದು ಯಕ್ಷಗಾನ ಆಟವನ್ನು ಸೆಕೆಂಡಿಗೆ 24 ಮೆಗಾಬಿಟ್‌ನ ಫುಲ್ ಎಚ್‌ಡಿಯಲ್ಲಿ ಚಿತ್ರೀಕರಿಸಿದರೆ ಗಂಟೆಗೆ ಸುಮಾರು 11 ಜಿಬಿಯಂತೆ ಎಂಟು ಗಂಟೆಗೆ 86 ಜಿಬಿ ಆಗುತ್ತದೆ. 100 ಮೆಗಾಬಿಟ್‌ನ ಫೋರ್‌ಕೆ ಆದರೆ 360 ಜಿಬಿ. ಹಳೆಯ ಮಿನಿ ಡಿವಿ ಟೇಪನ್ನು ಇದ್ದ ಹಾಗೆಯೇ ಇಳಿಸಿಕೊಂಡರೆ ಗಂಟೆಗೆ 13 ಜಿಬಿ. ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆ ಆಟ, ತಾಳಮದ್ದಳೆ ಕೂಟಗಳ ಇಂಥ ದಾಖಲೆ ಎಕ್ಸ್‌ಟರ್ನಲ್ ಡಿಸ್ಕುಗಳಲ್ಲಿ ಚದುರಿ ಬಿದ್ದಿದೆ. ಒಂದು ಡಿಸ್ಕ್ ಕೈಕೊಟ್ಟರೆ ಮತ್ತೆಲ್ಲೂ ಸಿಗದ ಪದ್ಯ, ಅರ್ಥಗಾರಿಕೆ ಅದರೊಟ್ಟಿಗೇ ಹೋಗುತ್ತದೆ. ಅವನ್ನೆಲ್ಲ ಒಂದೆಡೆ ಇಡುವ, ಮೇಜಿನ ಮೂಲೆಯಲ್ಲಿ ಕೂರುವಂಥ ಆರು ಡಿಸ್ಕಿನ ಸರ್ವರ್ ಕಟ್ಟುವ ವಿಧಾನ ಇಲ್ಲಿದೆ. ಹಣ ಹಂಚುವಾಗ ಮೊದಲ ಪಾಲು ಡಿಸ್ಕಿಗೆ, ಎರಡನೆಯದು ಕರೆಂಟು ಮತ್ತು ಗಾಳಿಗೆ, ಕೊನೆಯದು ಪ್ರೊಸೆಸರಿಗೆ. ಈ ಕ್ರಮ ತಪ್ಪಿದರೆ ನಮ್ಮ ಹವೆಯಲ್ಲಿ ಸರ್ವರ್ ಬಾಳಿಕೆ ಬರುವುದಿಲ್ಲ.

ಬೇಕಾದ ಸಾಮಾನು

ಕ್ಯಾಬಿನೆಟ್ಟಿಗೆ ಎರಡು ಒಳ್ಳೆಯ ಆಯ್ಕೆಗಳಿವೆ. ಫ್ರ್ಯಾಕ್ಟಲ್ ಡಿಸೈನ್ ನೋಡ್ 304ರಲ್ಲಿ ಆರು 3.5 ಇಂಚಿನ ಡಿಸ್ಕ್ ಹಿಡಿಯುತ್ತವೆ, ಮಿನಿ ಐಟಿಎಕ್ಸ್ ಎಂಬ ಸಣ್ಣ ಗಾತ್ರದ ಬೋರ್ಡ್ ಕೂರುತ್ತದೆ, ಕರೆಂಟು ಒದಗಿಸುವ ಪೆಟ್ಟಿಗೆ (ಎಸ್‌ಎಂಪಿಎಸ್) ಸಾಮಾನ್ಯ ಎಟಿಎಕ್ಸ್ ಗಾತ್ರದ್ದು ಸಾಕು. ಜಾನ್ಸ್‌ಬೋ ಎನ್3ರಲ್ಲಿ ಎಂಟು ಡಿಸ್ಕಿಗೆ ಜಾಗವಿದ್ದು, ಮುಂದಿನಿಂದಲೇ ಎಳೆದು ತೆಗೆಯಬಹುದು. ಆದರೆ ಅದಕ್ಕೆ ಚಿಕ್ಕ ಎಸ್‌ಎಫ್‌ಎಕ್ಸ್ ಎಸ್‌ಎಂಪಿಎಸ್ಸೇ ಆಗಬೇಕು. ನಮ್ಮ ಒಲವು 304ರ ಕಡೆಗೆ. ಎಸ್‌ಎಂಪಿಎಸ್ ಸುಟ್ಟುಹೋದ ದಿನ ಎಟಿಎಕ್ಸ್ ಆದರೆ ಮಂಗಳೂರಿನ ಅಂಗಡಿಯಿಂದ ಸಂಜೆಯೊಳಗೆ ತರಬಹುದು, ಎಸ್‌ಎಫ್‌ಎಕ್ಸ್ ಆದರೆ ಆರ್ಡರ್ ಹಾಕಿ ಕಾಯಬೇಕಾದೀತು.

ಬೋರ್ಡಿಗೆ ಇಂಟೆಲ್ ಎನ್100 ಪ್ರೊಸೆಸರ್ ಇರುವ ಮಿನಿ ಐಟಿಎಕ್ಸ್ ಧಾರಾಳವಾಯಿತು. ರ್‍ಯಾಮ್ 16 ಜಿಬಿ ಹಾಕಿ, ಆಪರೇಟಿಂಗ್ ಸಿಸ್ಟಮ್ಮಿಗೆ 128 ಜಿಬಿಯ ಸಣ್ಣ ಎಸ್‌ಎಸ್‌ಡಿ ಬೇರೆಯೇ ಇರಲಿ. ಡಿಸ್ಕ್ ಜೋಡಿಸುವ ಆರು ಸಾಟಾ ಪೋರ್ಟ್ ಬೋರ್ಡಿನಲ್ಲೇ ಇಲ್ಲದಿದ್ದರೆ ಎಎಸ್‌ಎಂ1166 ಚಿಪ್ಪಿನ ಆರು ಪೋರ್ಟಿನ ಕಾರ್ಡ್ ಕೊಳ್ಳಿ. ಕಾರ್ಡ್ ಕೂರುವ ಸ್ಲಾಟಿಗೆ ಪಿಸಿಐಇ 3.0ರ ಎರಡು ಲೇನ್ (ದತ್ತಾಂಶ ಹರಿಯುವ ದಾರಿ) ಇದೆಯೇ ನೋಡಿಕೊಳ್ಳಿ. ಒಂದೇ ಲೇನ್ ಇದ್ದರೆ ಸೆಕೆಂಡಿಗೆ 985 ಎಂಬಿಯ ಮಿತಿ; ಆರು ಡಿಸ್ಕ್ ಒಟ್ಟಿಗೆ ಓದುವಾಗ 1500 ಎಂಬಿವರೆಗೆ ಕೇಳುತ್ತವೆ. ಬಳಕೆ ನಡೆಯುತ್ತದೆ, ಆದರೆ ಕೆಟ್ಟ ಡಿಸ್ಕ್ ಬದಲಿಸಿದಾಗ ಹೊಸದರಲ್ಲಿ ದತ್ತಾಂಶದ ಮರುಜೋಡಣೆ ನಿಧಾನವಾಗುತ್ತದೆ. ಒಂದು ಪೋರ್ಟನ್ನು ಐದಾಗಿ ಒಡೆಯುವ ಪೋರ್ಟ್ ಮಲ್ಟಿಪ್ಲೈಯರ್ ಬೇಡವೇ ಬೇಡ: ಅದರಲ್ಲಿ ಒಂದು ಡಿಸ್ಕ್ ತೊದಲಿದರೆ ಉಳಿದವೂ ಕಾಣೆಯಾಗಬಹುದು.

ಎಸ್‌ಎಂಪಿಎಸ್ 450 ವ್ಯಾಟಿನದು ಸಾಕು. ಆನ್ ಆಗುವ ಗಳಿಗೆಯಲ್ಲಿ ಪ್ರತಿ ಡಿಸ್ಕ್ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಅಂದರೆ ಆರಕ್ಕೆ ಸುಮಾರು 150 ವ್ಯಾಟ್. ವ್ಯಾಟಿಗಿಂತ ಸಾಟಾ ಪವರ್ ವಯರುಗಳ ಸಂಖ್ಯೆ ಮುಖ್ಯ: ಎಸ್‌ಎಂಪಿಎಸ್‌ನಿಂದ ಬೇರೆ ಬೇರೆಯಾಗಿ ಹೊರಡುವ ಎರಡು ವಯರ್ ಇರಲಿ, ಒಂದೊಂದಕ್ಕೆ ಮೂರು ಡಿಸ್ಕ್ ಹಾಕಿ. ಹಳೆಯ ಬಗೆಯ ಮೋಲೆಕ್ಸ್ ಪ್ಲಗ್ಗಿನಿಂದ ಸಾಟಾಗೆ ಬದಲಿಸುವ ಅಗ್ಗದ ಅಡಾಪ್ಟರುಗಳಲ್ಲಿ ವಯರನ್ನು ಪ್ಲಾಸ್ಟಿಕ್ಕಿನಲ್ಲೇ ಎರಕ ಹೊಯ್ದಿರುತ್ತಾರೆ. ಒಳಗೆ ತಂತಿ ತಂತಿಗೆ ತಾಗಿ ಹೊತ್ತಿಕೊಂಡದ್ದುಂಟು. ಅಡಾಪ್ಟರ್ ಅನಿವಾರ್ಯವಾದರೆ ವಯರುಗಳನ್ನು ಬಿಡಿಬಿಡಿಯಾಗಿ ಒತ್ತಿ ಕೂರಿಸಿದ, ಹಿಂಬದಿ ಮುಚ್ಚಳ ಕಳಚಬಹುದಾದಂಥದ್ದನ್ನೇ ಆರಿಸಿ.

ಡಿಸ್ಕ್ ಕೊಳ್ಳುವಾಗ ನೋಡಬೇಕಾದದ್ದು ಸಿಎಂಆರ್ (ದತ್ತಾಂಶದ ಸಾಲುಗಳು ಬೇರೆ ಬೇರೆಯಾಗಿ ಕೂತಿರುವ ಬಗೆ) ಹೌದೋ ಅಲ್ಲವೋ ಎಂಬುದನ್ನು. ಎಸ್‌ಎಂಆರ್ ಡಿಸ್ಕಿನಲ್ಲಿ ದತ್ತಾಂಶದ ಸಾಲುಗಳು ಒಂದರ ಮೇಲೊಂದು ಅರ್ಧ ಸರಿದು ಕೂತಿರುವುದರಿಂದ ಒಂದನ್ನು ತಿದ್ದಲು ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕು. ಮರುಜೋಡಣೆಯ ಹೊತ್ತಿನಲ್ಲಿ ಅದು ದಿನಗಟ್ಟಲೆ ತೆವಳುತ್ತದೆ. ಡಬ್ಲ್ಯೂಡಿಯಲ್ಲಿ ರೆಡ್ ಪ್ಲಸ್, ಸೀಗೇಟಿನಲ್ಲಿ ಐರನ್‌ವುಲ್ಫ್ ಸಿಎಂಆರ್. ಎರಡಕ್ಕೂ ಮೂರು ವರ್ಷದ ವಾರಂಟಿ. ಪ್ಲಸ್ ಇಲ್ಲದ ರೆಡ್‌ನ 2ರಿಂದ 6 ಟಿಬಿ ಮಾದರಿಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಯಿತು. ಆರನ್ನೂ ಒಂದೇ ಕಡೆ ಒಂದೇ ದಿನ ಕೊಳ್ಳಬೇಡಿ: ಒಂದೇ ಬ್ಯಾಚಿನವು ಒಂದೇ ದೋಷ ಹೊತ್ತು ಹತ್ತಿರ ಹತ್ತಿರದಲ್ಲೇ ಕೈಕೊಡಬಹುದು. ದುಡ್ಡು ಕೊಡುವ ಮೊದಲೇ ಸೀರಿಯಲ್ ನಂಬರನ್ನು ಕಂಪೆನಿಯ ತಾಣದಲ್ಲಿ ಹಾಕಿ, ಭಾರತದಲ್ಲಿ ವಾರಂಟಿ ಇದೆಯೇ ಎಂದು ನೋಡಿ.

ಕರೆಂಟು ಮತ್ತು ಸಿಡಿಲು

ಹೆಚ್ಚು ತಾಳ್ಮೆ ಬೇಕಾದ ಭಾಗ ಇದು. ಏಪ್ರಿಲ್–ಮೇ ಹಾಗೂ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಿಡಿಲು ಕಂಬದ ವಯರಿನಿಂದ ಮಾತ್ರ ಬರುವುದಲ್ಲ; ನೆಟ್‌ವರ್ಕ್ ಕೇಬಲ್ಲಿನಿಂದಲೂ ಬರುತ್ತದೆ.

ಮೊದಲು ಅರ್ಥಿಂಗ್. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥ್ ಕೆಲಸ ಮಾಡದಂತಾಗುತ್ತದೆ, ಗುಡುಗು ಶುರುವಾಗುವುದೂ ಆಗಲೇ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಅರ್ಥಿಂಗ್ ಗುಂಡಿಗೆ ವಾರಕ್ಕೊಮ್ಮೆ ನೀರು ಹೊಯ್ಯಿರಿ. ಎಲೆಕ್ಟ್ರೀಷಿಯನ್ ಅರ್ಥ್ ಟೆಸ್ಟರ್ ತಂದು ಅಳೆಯಲಿ. ಟೆಸ್ಟರ್ ಬಲ್ಬ್ ಉರಿದ ಮಾತ್ರಕ್ಕೆ ಅರ್ಥ್ ಸರಿ ಇದೆ ಎಂದುಕೊಳ್ಳಬೇಡಿ. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿ ಪ್ರಯೋಜನವಿಲ್ಲ, ಹೆಚ್ಚಿನ ವೋಲ್ಟೇಜನ್ನು ಅದು ಕಳಿಸಬೇಕಾದ ದಾರಿಯೇ ಅರ್ಥ್. ಗುಂಡಿ ಸರಿಯಾದ ಮೇಲೆ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ಟೈಪ್ 2 ಎಸ್‌ಪಿಡಿ (ಬೋರ್ಡಿನಲ್ಲೇ ಕೂರುವ ಸರ್ಜ್ ಪ್ರೊಟೆಕ್ಟರ್) ಹಾಕಿಸಿ.

ಆಮೇಲೆ ಯುಪಿಎಸ್. ತೋಟದ ಪಂಪ್ ಸ್ಟಾರ್ಟ್ ಆದಾಗ ಬಲ್ಬ್ ಮಂಕಾಗುವ ಮನೆಗೆ ಎವಿಆರ್ (ವೋಲ್ಟೇಜನ್ನು ತಾನೇ ಸರಿಪಡಿಸುವ ಭಾಗ) ಇರುವ ಲೈನ್ ಇಂಟರ್ಯಾಕ್ಟಿವ್ ಯುಪಿಎಸ್ ಬೇಕು. ಬ್ಯಾಟರಿ ಮುಟ್ಟದೆಯೇ ಅದು ವೋಲ್ಟೇಜ್ ಏರಿಸಿಕೊಳ್ಳುತ್ತದೆ. 1000 ವಿಎ, 600 ವ್ಯಾಟಿನದು, ಯುಎಸ್‌ಬಿ ಪೋರ್ಟ್ ಸಹಿತ. ಅಗ್ಗದ 600 ವಿಎ ಮಾದರಿಗಳಲ್ಲಿ ಅನೇಕಕ್ಕೆ ಈ ಪೋರ್ಟ್ ಇರುವುದಿಲ್ಲ, ಅದಿಲ್ಲದೆ ಕರೆಂಟು ಹೋದದ್ದು ಸರ್ವರಿಗೆ ತಿಳಿಯುವುದೇ ಇಲ್ಲ. ಮನೆಗೆ ಇನ್ವರ್ಟರ್ ಇದೆಯಲ್ಲ, ಅದೇ ಸಾಲದೇ ಎಂದು ಕೇಳುವವರಿದ್ದಾರೆ. ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್. ಅಷ್ಟರೊಳಗೆ ಬದಲಾಗದ ಇನ್ವರ್ಟರಿನಲ್ಲಿ ಸರ್ವರ್ ರೀಸ್ಟಾರ್ಟ್ ಆಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿನ ಹಿಂದೆ ಯುಪಿಎಸ್ ಹಾಕಿದರೆ ಅದು ಆ ಕರೆಂಟನ್ನು ಒಪ್ಪದೆ ಬ್ಯಾಟರಿಗೆ ಹಾರಿ ಹಾರಿ ಬರಿದಾಗುವುದುಂಟು. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಆದರೆ ಅದರ ಹಿಂದೆ ಯುಪಿಎಸ್ ಹಾಕಬಹುದು.

ಸರ್ವರಿನಲ್ಲಿ ನಟ್ ಎಂಬ ಯುಪಿಎಸ್ ತಂತ್ರಾಂಶವನ್ನು ಹೊಂದಿಸಿ: ಬ್ಯಾಟರಿಗೆ ಬಂದು ಐದು ನಿಮಿಷವಾದರೆ ಶಟ್‌ಡೌನ್. ಕರೆಂಟು ಬಂದ ಕೂಡಲೇ ತಾನೇ ಆನ್ ಆಗುವ ಬಯಾಸ್ ಆಯ್ಕೆಯನ್ನು ಸಿಡಿಲಿನ ತಿಂಗಳುಗಳಲ್ಲಿ ಆಫ್ ಮಾಡಿಡಿ. ಹತ್ತು ನಿಮಿಷಕ್ಕೊಮ್ಮೆ ಕರೆಂಟು ಹೋಗಿ ಬರುವ ಸಂಜೆಯಲ್ಲಿ ಬ್ಯಾಟರಿ ತುಂಬುವ ಮೊದಲೇ ಮತ್ತೆ ಮತ್ತೆ ಆನ್ ಆಗುವುದು ಡಿಸ್ಕಿಗೆ ಒಳ್ಳೆಯದಲ್ಲ. ಯುಪಿಎಸ್ ಬ್ಯಾಟರಿ ನಮ್ಮ ಸೆಕೆಗೆ ಎರಡು ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದು ಕಡಿಮೆ.

ಇನ್ನು ನೆಟ್‌ವರ್ಕ್. ಫೈಬರಿನ ಗಾಜು ಸಿಡಿಲನ್ನು ಒಯ್ಯುವುದಿಲ್ಲ, ಆದರೆ ರೂಟರಿನ ಅಡಾಪ್ಟರ್ ಒಯ್ಯುತ್ತದೆ. ಅಲ್ಲಿಂದ ತಾಮ್ರದ ನೆಟ್‌ವರ್ಕ್ ಕೇಬಲ್ ಹಿಡಿದು ಅದು ಸರ್ವರಿಗೆ ಬರುತ್ತದೆ. ಖಚಿತವಾದ ಪರಿಹಾರವೆಂದರೆ ರೂಟರ್ ಮತ್ತು ಸರ್ವರ್ ನಡುವೆ ಎರಡು ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ತಾಮ್ರದ ಸಂಕೇತವನ್ನು ಫೈಬರಿಗೆ ಬದಲಿಸುವ ಪೆಟ್ಟಿಗೆ) ಇಟ್ಟು, ಅವುಗಳ ಮಧ್ಯೆ ಎರಡು ಮೀಟರ್ ಫೈಬರ್ ಪ್ಯಾಚ್ ಕಾರ್ಡ್ ಹಾಕುವುದು. ಸರ್ವರ್ ಬದಿಯ ಕನ್ವರ್ಟರಿಗೆ ಸರ್ವರಿನ ಯುಪಿಎಸ್ಸಿನಿಂದಲೇ ಕರೆಂಟು ಕೊಡಿ. ಇಷ್ಟು ಮಾಡಿದ ಮೇಲೂ ಗುಡುಗು ಹತ್ತಿರವಾದರೆ ಸರ್ವರ್ ಶಟ್‌ಡೌನ್ ಮಾಡಿ, ಯುಪಿಎಸ್ಸಿನ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಆ ಪುಟ್ಟ ಸಂದನ್ನು ಸಿಡಿಲು ಜಿಗಿಯುತ್ತದೆ.

ಸೆಕೆ, ತೇವ, ಇರುವೆ

ಡಿಸ್ಕಿನ ಶಾಖ 45 ಡಿಗ್ರಿಯೊಳಗೆ ಇರಬೇಕು. ಮೇ ತಿಂಗಳಲ್ಲಿ ಕೋಣೆಯೇ 34 ಡಿಗ್ರಿ ಇರುವಾಗ ಉಳಿಯುವ ಅಂತರ ಹನ್ನೊಂದೇ ಡಿಗ್ರಿ, ಹಾಗಾಗಿ ಗಾಳಿ ಡಿಸ್ಕುಗಳ ನಡುವಿನಿಂದಲೇ ಹೋಗುವಂತೆ ಮಾಡಬೇಕು. ನೋಡ್ 304ರ ಮುಂದಿನ ಎರಡು 92 ಮಿಲಿಮೀಟರ್ ಫ್ಯಾನ್ ಒಳಕ್ಕೆ, ಹಿಂದಿನ 140 ಮಿಲಿಮೀಟರಿನದು ಹೊರಕ್ಕೆ. ಗಾಳಿ ತಪ್ಪಿಸಿಕೊಳ್ಳುವ ಅಡ್ಡ ಸಂದುಗಳನ್ನು ದಪ್ಪ ಕಾಗದದಿಂದ ಮುಚ್ಚಿ, ಕೇಬಲ್‌ಗಳನ್ನು ಡಿಸ್ಕುಗಳ ಮುಂದೆ ಗುಂಪುಗಟ್ಟಲು ಬಿಡಬೇಡಿ. 48 ಡಿಗ್ರಿಗೆ ಎಚ್ಚರಿಕೆಯ ಇಮೇಲ್, 55ಕ್ಕೆ ಶಟ್‌ಡೌನ್ ಇಟ್ಟುಕೊಳ್ಳಿ. ಹೆಂಚಿನ ಮನೆಯ ಅಟ್ಟದಲ್ಲಿ ಮಾತ್ರ ಇಡಬೇಡಿ.

ಮಳೆಗಾಲದಲ್ಲಿ ಸರ್ವರ್ ಓಡುತ್ತಲೇ ಇರಲಿ. ಆರು ಡಿಸ್ಕ್, ಬೋರ್ಡ್ ಸೇರಿ ಹೊಮ್ಮುವ ಸುಮಾರು 60 ವ್ಯಾಟ್ ಶಾಖ ಒಳಗನ್ನು ಒಣದಾಗಿ ಇಡುತ್ತದೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ವಾರಗಟ್ಟಲೆ ಆಫ್ ಮಾಡಿಟ್ಟರೆ ಡಿಸ್ಕಿನ ಅಡಿಯ ಬೋರ್ಡಿಗೂ ಮೋಟರಿಗೂ ನಡುವಿನ ಒತ್ತು ಸಂಪರ್ಕಗಳು ಕಿಲುಬು ಹಿಡಿಯುತ್ತವೆ. ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಯಿಂದ ಇದು ಇನ್ನೂ ಬೇಗ. ಡಿಸ್ಕಿನ ಮೇಲೆ ‘ಮುಚ್ಚಬೇಡಿ’ ಎಂದು ಬರೆದ ಸಣ್ಣ ತೂತಿದ್ದರೆ ಅದಕ್ಕೆ ಟೇಪ್ ಹಚ್ಚಬಾರದು. ಇರುವೆಗಳು ಬೆಚ್ಚಗಿನ ಜಾಗ ಹುಡುಕಿ ಬರುತ್ತವೆ: ಗಾಳಿ ಬರುವ ಕಡೆ ನೈಲಾನ್ ಬಲೆ ಹಾಕಿ, ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಗೇಣು ದೂರವಿಡಿ. ಕೆಂಪು ಧೂಳು ಕೂತ ಬಲೆಯನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ.

60 ವ್ಯಾಟ್ ಎಂದರೆ ತಿಂಗಳಿಗೆ 43 ಯೂನಿಟ್, ಎರಡು ತಿಂಗಳ ಬಿಲ್ಲಿಗೆ 86. ಕೇರಳದಲ್ಲಿ ತಿಂಗಳಿಗೆ 250 ಯೂನಿಟ್ ದಾಟಿದರೆ ಇಡೀ ಬಳಕೆಗೂ ಒಂದೇ ಹೆಚ್ಚಿನ ದರ ಬೀಳುವುದರಿಂದ ಆ ಗೆರೆಯ ಹತ್ತಿರವಿರುವ ಮನೆಯವರು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಜೋಡಣೆ ಮತ್ತು ತಂತ್ರಾಂಶ

ಮೊದಲು ಡಿಸ್ಕಿಲ್ಲದೆ ಬೋರ್ಡ್, ರ್‍ಯಾಮ್, ಎಸ್‌ಎಂಪಿಎಸ್ ಜೋಡಿಸಿ ಒಂದು ರಾತ್ರಿ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ. ಆಮೇಲೆ ಡಿಸ್ಕುಗಳನ್ನು ರಬ್ಬರ್ ವಾಷರ್ ಸಹಿತ ಬಿಗಿಯಿರಿ. ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಹೊರಗೆ ಕಾಣುವ ಬದಿಗೆ ಬರೆದು ಅಂಟಿಸಿ. ಮುಂದೊಂದು ದಿನ ಕೆಟ್ಟದ್ದನ್ನು ಬಿಟ್ಟು ಚೆನ್ನಾಗಿರುವುದನ್ನೇ ಎಳೆದು ಪೂಲ್ (ಆರೂ ಡಿಸ್ಕ್ ಸೇರಿ ಆದ ಒಂದೇ ಸಂಗ್ರಹ) ಕಳೆದುಕೊಳ್ಳದಿರಲು ಈ ಚೀಟಿ ಬೇಕು.

ದತ್ತಾಂಶ ಹಾಕುವ ಮೊದಲು ಪ್ರತಿ ಡಿಸ್ಕಿಗೂ ಕೆಟ್ಟ ಜಾಗ ಹುಡುಕುವ ಬ್ಯಾಡ್‌ಬ್ಲಾಕ್ಸ್ ತಂತ್ರಾಂಶ ಓಡಿಸಿ, ಬ್ಲಾಕ್ ಗಾತ್ರ 4096. ಅದು ನಾಲ್ಕು ಬಾರಿ ಬರೆದು ನಾಲ್ಕು ಬಾರಿ ಓದುವುದರಿಂದ 8 ಟಿಬಿಗೆ ನಾಲ್ಕು ದಿನ ಹಿಡಿಯುತ್ತದೆ. ಆರನ್ನೂ ಒಟ್ಟಿಗೇ ಓಡಿಸಬಹುದು. ಮುಗಿದ ಮೇಲೆ, ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸುವ ಸ್ಮಾರ್ಟ್ ವರದಿಯ 5, 197, 198ನೇ ಸಾಲುಗಳು ಸೊನ್ನೆಯಲ್ಲೇ ಇರಬೇಕು, ಇಲ್ಲದಿದ್ದರೆ ಡಿಸ್ಕನ್ನು ಅಂಗಡಿಗೆ ಮರಳಿಸಿ. 199 ಏರುತ್ತಿದ್ದರೆ ದೋಷ ಹೆಚ್ಚಾಗಿ ಸಾಟಾ ಕೇಬಲ್ಲಿನದು, ಡಿಸ್ಕಿನದಲ್ಲ. ಕೇಬಲ್ ಬದಲಿಸಿ ನೋಡಿ.

ಸಂಗ್ರಹ ಸರ್ವರಿನ ಆಪರೇಟಿಂಗ್ ಸಿಸ್ಟಮ್ಮಾದ ಟ್ರೂನ್ಯಾಸ್ ಹಾಕಿ, ಆರು ಡಿಸ್ಕಿಗೆ ರೇಡ್‌ಝಡ್2 (ಎರಡು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವ ಜೋಡಣೆ) ಪೂಲ್ ಮಾಡಿ. 8 ಟಿಬಿಯ ಆರರಲ್ಲಿ ಎರಡು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ (ಕಳೆದದ್ದನ್ನು ಮತ್ತೆ ಕಟ್ಟಲು ಬೇಕಾದ ಲೆಕ್ಕ) ಹೋಗಿ 32 ಟಿಬಿ ಉಳಿಯುತ್ತದೆ, ತೆರೆಯ ಮೇಲೆ ಸುಮಾರು 29 ಟೆಬಿಬೈಟ್. 80 ಶೇಕಡ ದಾಟಿ ತುಂಬಿಸಬೇಡಿ. ಅಷ್ಟರಲ್ಲೇ ಫುಲ್ ಎಚ್‌ಡಿಯ ಸುಮಾರು 290 ಆಟ ಹಿಡಿಯುತ್ತದೆ. ಒಂದೇ ಪ್ಯಾರಿಟಿಯ ರೇಡ್‌ಝಡ್1 ಏಕೆ ಬೇಡ ಎಂದರೆ, ತುಂಬಿದ ಒಂದು ಡಿಸ್ಕನ್ನು ಮರುಜೋಡಿಸಲು ಸೆಕೆಂಡಿಗೆ 200 ಎಂಬಿಯಂತೆ ಹಿಡಿದರೂ 11 ಗಂಟೆ ಬೇಕು. ಅಷ್ಟು ಹೊತ್ತು ಉಳಿದ ಡಿಸ್ಕುಗಳು ಪೂರ್ಣ ಶ್ರಮದಲ್ಲಿ ದುಡಿಯುವಾಗ ಇನ್ನೊಂದು ಹೋದರೆ ಎಲ್ಲವೂ ಹೋಯಿತು. ತಿಂಗಳಿಗೊಮ್ಮೆ ಸ್ಕ್ರಬ್ (ಎಲ್ಲ ದತ್ತಾಂಶ ಓದಿ ತಪ್ಪು ಹುಡುಕುವುದು), ವಾರಕ್ಕೊಮ್ಮೆ ಸಣ್ಣ ಸ್ಮಾರ್ಟ್ ಪರೀಕ್ಷೆ, ದಿನಕ್ಕೊಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಕಡತಗಳ ಸ್ಥಿತಿಯ ದಾಖಲೆ) ಹೊಂದಿಸಿ.

ಪೂಲ್ ಖಾಲಿ ಇರುವಾಗಲೇ ಒಂದು ಪರೀಕ್ಷೆ ಮಾಡಿ: ಸರ್ವರ್ ಆಫ್ ಮಾಡಿ ಒಂದು ಡಿಸ್ಕಿನ ಕೇಬಲ್ ತೆಗೆದು ಆನ್ ಮಾಡಿ. ಎಚ್ಚರಿಕೆಯ ಇಮೇಲ್ ಬಂತೇ? ಸೀರಿಯಲ್ ನಂಬರು ನಿಮ್ಮ ಚೀಟಿಗೆ ಸರಿಹೊಂದಿತೇ? ಹಾಗೆಯೇ ಯುಪಿಎಸ್ಸಿನ ಪ್ಲಗ್ ಎಳೆದು, ಐದು ನಿಮಿಷದ ನಂತರ ಸರಿಯಾಗಿ ಶಟ್‌ಡೌನ್ ಆಗುತ್ತದೆಯೇ ನೋಡಿ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ಹೊತ್ತು ಪ್ರತಿ ವರ್ಷ ಈ ಎರಡನ್ನೂ ಮತ್ತೊಮ್ಮೆ ಮಾಡಲು ತಕ್ಕ ಸಮಯ: ಆ ಋತುವಿನ ಚಿತ್ರೀಕರಣ ಮುಗಿದಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ.

ರೇಡ್ (ಹಲವು ಡಿಸ್ಕುಗಳ ಇಂಥ ಜೋಡಣೆ) ಡಿಸ್ಕ್ ಕೆಡುವುದನ್ನು ತಾಳುತ್ತದೆ, ಬೆಂಕಿ, ಸಿಡಿಲು, ಕಳ್ಳತನವನ್ನಲ್ಲ. ಮತ್ತೆ ಸಿಗದ ಕಡತಗಳನ್ನಷ್ಟೇ ಬೇರೆ ಮಾಡಿ, ಒಂದು ದೊಡ್ಡ ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲಿಸಿ, ಇನ್ನೊಂದು ಊರಿನ ನೆಂಟರ ಮನೆಯಲ್ಲಿಡಿ. ಮೂರು ತಿಂಗಳಿಗೊಮ್ಮೆ ತಂದು ಹೊಸದನ್ನು ಸೇರಿಸಿ, ಹಳೆಯ ಕಡತಗಳಲ್ಲಿ ಒಂದೆರಡನ್ನು ತೆರೆದು ಪೂರ್ತಿ ಓಡುತ್ತವೆಯೇ ನೋಡಿಯೇ ಮರಳಿ ಕಳಿಸಿ.