ಮಾರಿಷಸ್‌ನಲ್ಲಿ ಊಟ: ಮಧ್ಯಾಹ್ನಕ್ಕೆ ಮುಂಚೆ ಬೀದಿಗೆ ಬನ್ನಿ

ಮಾರಿಷಸ್‌ಗೆ ಹೊರಡುವಾಗ ನಾವು ಮಾಡಿದ ತಪ್ಪು ಒಂದೇ. ರೂಮ್ ಬುಕ್ ಮಾಡುವಾಗ ರಾತ್ರಿ ಊಟಕ್ಕೂ ಸೇರಿಸಿಯೇ ದುಡ್ಡು ಕಟ್ಟಿಬಿಟ್ಟೆವು. ಗೊತ್ತಿಲ್ಲದ ಊರು, ಜೊತೆಗೆ ಮಾಂಸ ಮುಟ್ಟದ ಅತ್ತೆ, ಒಂಬತ್ತು ವರ್ಷದ ಮಗಳು. ಊಟದ ಚಿಂತೆ ಬೇಡ ಅನ್ನಿಸಿತ್ತು.

ಮೊದಲ ಎರಡು ರಾತ್ರಿ ಅತ್ತೆ ಬ್ರೆಡ್ಡು, ಪಪ್ಪಾಯಿ ತಿಂದು ಮಲಗಿದರು. ಬಫೆಯಲ್ಲಿ ತರಕಾರಿ ಇರಲಿಲ್ಲ ಅಂತಲ್ಲ. ಯಾವುದಕ್ಕೆ ಏನು ಹಾಕಿದ್ದಾರೆ ಅಂತ ಕೇಳಿದರೆ ಬಡಿಸುವವರಿಗೇ ಖಚಿತವಿಲ್ಲ. ತರಕಾರಿ ಸೂಪು ಅಂತ ತಂದುಕೊಂಡರೆ ಅದಕ್ಕೆ ಕೋಳಿ ಬೇಯಿಸಿದ ನೀರು ಹಾಕಿದ್ದರು. "ನನಗೇನೂ ತೊಂದರೆ ಇಲ್ಲ ಕಣಮ್ಮಾ, ನೀವು ತಿನ್ನಿ" ಅಂದರು ಅತ್ತೆ. ಆ ಮಾತು ನನಗೆ ತುಂಬಾ ಚುಚ್ಚಿತು.

ದಾರಿ ತೋರಿಸಿದ್ದು ನಮ್ಮ ಟ್ಯಾಕ್ಸಿ ಓಡಿಸುತ್ತಿದ್ದ ಹಿರಿಯರು. ಅವರ ಮನೆಮಾತು ಭೋಜ್‌ಪುರಿ, ನಮ್ಮ ಜೊತೆ ಹಿಂದಿ. ಹೋಟೆಲ್ ಊಟದ ವಿಷಯ ಕೇಳಿ, "ನಮ್ಮ ಊಟ ಬೀದಿಯಲ್ಲಿದೆ, ಅದೂ ಮಧ್ಯಾಹ್ನದ ಒಳಗೆ" ಅಂದರು. ಮರುದಿನ ಬೆಳಗ್ಗೆ ರಾಜಧಾನಿ ಪೋರ್ಟ್ ಲೂಯಿಯ ಸೆಂಟ್ರಲ್ ಮಾರ್ಕೆಟ್ ಹತ್ತಿರ ಇಳಿಸಿದರು.

ಅಲ್ಲಿ ಕೈಗೆ ಬಂದದ್ದು ದಾಲ್ ಪುರಿ. ಹೆಸರು ಕೇಳಿ ಎಣ್ಣೆಯಲ್ಲಿ ಕರಿದ ಪೂರಿ ಅಂದುಕೊಳ್ಳಬೇಡಿ. ಸಿಹಿ ಇಲ್ಲದ ಬೇಳೆ ಹೋಳಿಗೆ ಅಂದರೆ ಸರಿಹೋಗುತ್ತದೆ. ಬೇಳೆಯನ್ನು ಅರಿಶಿನ ಹಾಕಿ ಬೇಯಿಸಿ, ನೀರು ಬಸಿದು, ಉದುರುದುರಾಗಿ ಪುಡಿ ಮಾಡುತ್ತಾರೆ. ಬಸಿದ ನೀರಿನಲ್ಲೇ ಹಿಟ್ಟು ಕಲಸುತ್ತಾರೆ. ಅಷ್ಟು ಮೆತ್ತಗೆ ಬರುವುದಕ್ಕೆ ಅದೇ ಕಾರಣವಂತೆ. ನಾನು ಅಂಗಡಿಯವನ ಕೈಯನ್ನೇ ನೋಡುತ್ತಾ ನಿಂತಿದ್ದೆ. ಬಟ್ಟೆ ಮುಚ್ಚಿದ ಡಬ್ಬದಿಂದ ಎರಡು ಪುರಿ ಎತ್ತಿದ. ಅಂಗೈಯಗಲ ಕಾಗದದ ಮೇಲೆ ಹಾಸಿದ. ಮೇಲೆ ಒಂದು ಸೌಟು ಬಿಳಿ ಅವರೆಯಂಥ ದಪ್ಪ ಕಾಳಿನ ಪಲ್ಯ, ಅದರ ಮೇಲೆ ಟೊಮೆಟೊ ಗೊಜ್ಜು, ಕೊತ್ತಂಬರಿ ಚಟ್ನಿ. "ಪಿಮಾ?" ಅಂತ ಕೇಳಿದ. ಪಿಮಾ ಅಂದರೆ ಮೆಣಸಿನಕಾಯಿ. ತಲೆ ಆಡಿಸುವಷ್ಟರಲ್ಲಿ ಸುರುಳಿ ಸುತ್ತಿ ಕೈಗೆ ಕೊಟ್ಟಿದ್ದ. ಅಲ್ಲಿ ಒಂದೊಂದೇ ಕೇಳುವ ರೂಢಿ ಇಲ್ಲ, ಯಾವಾಗಲೂ ಜೋಡಿ ಲೆಕ್ಕ. ಅತ್ತೆ ನಿಂತಲ್ಲೇ ಎರಡು ಜೋಡಿ ತಿಂದರು.

ಮಾರ್ಕೆಟ್ಟಿನಿಂದ ಸ್ವಲ್ಪ ನಡೆದರೆ ಆಪ್ರವಾಸಿ ಘಾಟ್. 1834ರಿಂದ ಕಬ್ಬಿನ ತೋಟದ ಕೂಲಿಗೆ ಅಂತ ಬಿಹಾರದ ಕಡೆಯಿಂದ, ತಮಿಳು ಸೀಮೆಯಿಂದ ಕರೆತಂದ ಜನರ ಹೆಸರು ಬರೆಸಿಕೊಂಡಿದ್ದು ಇಂಥ ಕಡೆ. 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ತಿಂದ ಮೇಲೆ ಅಲ್ಲಿಗೆ ಹೋಗಿ ಹಡಗಿನಿಂದ ಇಳಿದವರು ಹತ್ತಿ ಬಂದ ಆ ಕಲ್ಲಿನ ಮೆಟ್ಟಿಲುಗಳನ್ನು ನೋಡಿ. ಬೇಳೆ, ಅರಿಶಿನ, ಜೀರಿಗೆ ಇಷ್ಟು ದೂರ ಹೇಗೆ ಬಂದವು ಅಂತ ಯಾರೂ ಹೇಳಬೇಕಾಗಿಲ್ಲ. ನನಗಂತೂ ಗಂಟಲು ಕಟ್ಟಿತು.

ಆಮೇಲೆ ನಮ್ಮ ದಿನದ ಕ್ರಮವೇ ಬದಲಾಯಿತು. ಮೂರನೇ ದಿನ ಹೋಟೆಲ್ ಬಿಟ್ಟು, ಕಡಲತೀರದ ಊರು ಫ್ಲಿಕ್ ಆನ್ ಫ್ಲಾಕ್‌ನಲ್ಲಿ ಅಡುಗೆಮನೆ ಇರುವ ಸಣ್ಣ ಫ್ಲ್ಯಾಟ್ ಹಿಡಿದೆವು. ಕಟ್ಟಿದ ದುಡ್ಡಿನಲ್ಲಿ ಸ್ವಲ್ಪ ಹೋಯಿತು, ಹೋಗಲಿ.

ಬೆಳಗ್ಗೆ ಗಾತೊ ಪಿಮಾ. ನಮ್ಮ ಮಸಾಲೆ ವಡೆಯ ತಂಗಿ ಅನ್ನಬಹುದು, ಗಾತ್ರದಲ್ಲಿ ಮಾತ್ರ ಗೋಲಿಗಿಂತ ಸ್ವಲ್ಪ ದೊಡ್ಡದು. ಬಿಸಿ ಬ್ರೆಡ್ಡಿಗೆ ಬೆಣ್ಣೆ ಸವರಿ, ಒಳಗೆ ಅದನ್ನಿಟ್ಟು ಒತ್ತಿ ತಿನ್ನುತ್ತಾರೆ. ಫ್ರೆಂಚರ ಬ್ರೆಡ್ಡು, ನಮ್ಮವರ ವಡೆ! ಮಧ್ಯಾಹ್ನ ಎಲ್ಲಿ ಸಂತೆಯೋ ಅಲ್ಲಿಗೆ ನಾವು. ಮಾಯೆಬೂರ್‌ನಲ್ಲಿ ಸೋಮವಾರ ದೊಡ್ಡ ಸಂತೆ. ರೋಸ್ ಹಿಲ್‌ನ ದೇವಾ ಅಂಗಡಿ ದಾಲ್ ಪುರಿಗೆ ಹೆಸರುವಾಸಿ, ಪೋರ್ಟ್ ಲೂಯಿಯಿಂದ ಮೆಟ್ರೊದಲ್ಲೇ ಹೋಗಬಹುದು. ಬಿಸಿಲಿಗೆ ಆಲೂದಾ ಕುಡಿಯಿರಿ. ತಣ್ಣನೆ ಹಾಲಿಗೆ ನೆನೆಸಿದ ಕಾಮಕಸ್ತೂರಿ ಬೀಜ, ಚೈನಾ ಗ್ರಾಸ್ ಎಳೆ ಹಾಕಿ ಕೊಡುತ್ತಾರೆ. ಮಗಳು ದಿನಾ ಅದನ್ನೇ ಕೇಳಿದಳು.

ಶನಿವಾರ, ಭಾನುವಾರ ಕಡಲತೀರ ಬಿಟ್ಟು ಎಲ್ಲೂ ಹೋಗಬೇಡಿ. ಊರಿನವರೆಲ್ಲ ಪಾತ್ರೆ ಪಗಡಿ ಸಮೇತ ಬಂದು ಗಾಳಿಮರಗಳ ಕೆಳಗೆ ಕೂರುತ್ತಾರೆ. ತಿಂಡಿ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಸಣ್ಣ ಅನಾನಸನ್ನು ಕಣ್ಣು ತೆಗೆದು, ತೊಟ್ಟಿನ ಹಿಡಿ ಬಿಟ್ಟು ನಾಲ್ಕು ಸೀಳು ಮಾಡಿ, ಹುಣಸೆಹುಳಿ, ಉಪ್ಪು, ಖಾರ ಸವರಿ ಕೊಡುತ್ತಾರೆ. ಕೈ ಮೊಣಕೈವರೆಗೆ ರಸ ಇಳಿಯುತ್ತದೆ. ಸಮುದ್ರ ಪಕ್ಕದಲ್ಲೇ ಇದೆ, ತೊಳೆದುಕೊಂಡರಾಯಿತು.

ಮಾಂಸ, ಮೀನು ತಿನ್ನದವರು ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: "ಮೋ ಪಾ ಮಾಂಜ್ ಲಾವ್ಯಾನ್, ಪಾ ಮಾಂಜ್ ಪ್ವಾಸೊ." ನಾನು ಮಾಂಸ ತಿನ್ನಲ್ಲ, ಮೀನು ತಿನ್ನಲ್ಲ ಅಂತ. ಇಂಗ್ಲಿಷ್ ನಡೆಯುತ್ತದೆ, ಆದರೆ ಅಲ್ಲಿಯ ಆಡುಮಾತು ಕ್ರಿಯೋಲ್‌ನಲ್ಲಿ ಹೇಳಿದರೆ ಗಾಡಿಯವರ ಮುಖವೇ ಅರಳುತ್ತದೆ. ಹುರಿದ ನೂಡಲ್ಸ್ ತಗೊಳ್ಳುವಾಗ ಮೊಟ್ಟೆಯ ಬಗ್ಗೆ ಬೇರೆಯಾಗಿ ಕೇಳಿ. ಕೆಲವು ಕಡೆ ಸಾಸ್‌ನಲ್ಲೂ ಮೀನು ಇರುತ್ತದೆ. ನೂಡಲ್ಸ್ ಒಂದನ್ನು ಅತ್ತೆಗೆ ನಾವು ಕೊಡಲೇ ಇಲ್ಲ.

ಕಷ್ಟ ಇರುವುದು ಸಂಜೆಗೆ. ಪೋರ್ಟ್ ಲೂಯಿಯಲ್ಲಿ ಆಫೀಸು ಬಿಟ್ಟ ಮೇಲೆ ಬೀದಿ ಖಾಲಿ. ಸಣ್ಣ ಅಂಗಡಿಗಳು ಬೇಗ ಮುಚ್ಚುತ್ತವೆ, ಭಾನುವಾರವಂತೂ ಮಧ್ಯಾಹ್ನಕ್ಕೇ. ತೆರೆದಿರುವುದು ಪ್ರವಾಸಿಗರ ಹೋಟೆಲುಗಳು, ಅಲ್ಲಿ ರೇಟೂ ಜಾಸ್ತಿ. ಅದಕ್ಕೇ ಅಡುಗೆಮನೆ ಬೇಕು ಅಂತ ನಾನು ಒತ್ತಿ ಹೇಳುವುದು. ರೆಸಾರ್ಟಿನ ಈಜುಕೊಳಕ್ಕಿಂತ ಎರಡು ಒಲೆ, ಒಂದು ಪಾತ್ರೆ ನಮಗೆ ಹೆಚ್ಚು ಉಪಯೋಗಕ್ಕೆ ಬಂತು. ಸಂತೆಯಲ್ಲಿ ಸೀಮೆಬದನೆ ರಾಶಿ ರಾಶಿ. ಅದರ ಕುಡಿಯನ್ನೂ ಸೊಪ್ಪಿನ ಹಾಗೆ ಕಟ್ಟು ಕಟ್ಟಿ ಮಾರುತ್ತಾರೆ. ಏನು ಮಾಡುವುದು ಅಂತ ಕೇಳಿದ್ದಕ್ಕೆ ಮಾರುವ ಹೆಂಗಸು ಕೈಸನ್ನೆಯಲ್ಲೇ ಪೂರ್ತಿ ಅಡುಗೆ ಹೇಳಿಕೊಟ್ಟರು. ಈರುಳ್ಳಿ, ಬೆಳ್ಳುಳ್ಳಿ ಬಾಡಿಸು, ನೀರು ಕುದಿಸು, ಕುಡಿ ಹಾಕು, ಬಣ್ಣ ಹೋಗುವ ಮುಂಚೆ ಇಳಿಸು. ಅಷ್ಟೇ. ಅಲ್ಲಿಯವರು ಇದನ್ನು ಬೂಯೊ ಬ್ರೆದ್ ಅಂತಾರೆ, ಅನ್ನಕ್ಕೆ ಕಲಸಿಕೊಳ್ಳುವ ತಿಳಿಸಾರು.

ಕೊನೆಯ ರಾತ್ರಿ ಆ ಸಾರನ್ನು ಅತ್ತೆಯೇ ಮಾಡಿದರು. ಬೆಳ್ಳುಳ್ಳಿ ತಿನ್ನದ ಅವರು ಅದರ ಬದಲು ಒಂದು ಚೂರು ಶುಂಠಿ ಜಜ್ಜಿ ಹಾಕಿದರು. ಬಾಲ್ಕನಿಯಲ್ಲಿ ತಟ್ಟೆ ಹಿಡಿದು ಕೂತು, ಎರಡನೇ ಸಲ ಅನ್ನ ಬಡಿಸಿಕೊಂಡರು.