ಹಳೆಯ ಹಾರರ್ ಸಿನಿಮಾದಿಂದ ಗೇಮ್‌ಬಾಯ್ ಆಟ: ಮನೆಯಲ್ಲೇ ಮಾಡಿಕೊಳ್ಳುವ ಬಗೆ

ಹಾರರ್ ಸಿನಿಮಾವನ್ನು ಗೇಮ್‌ಬಾಯ್‌ಗೆ (ನಿಂಟೆಂಡೊದ ಹಳೆಯ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರ) ಆಟ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕಥೆ ಬರೆದುಕೊಳ್ಳುತ್ತಾರೆ. ಅದನ್ನು ಬಿಡಿ. ಕಥೆ ಸಿನಿಮಾದಲ್ಲೇ ಇದೆ. ಆಡುವವರಿಗೆ ಬೇಕಾದದ್ದು ಕೈಗೊಂದು ಕೆಲಸ. ಆ ಸಿನಿಮಾದಲ್ಲಿ ಜನ ಬದುಕಿ ಉಳಿಯಲು ಪದೇ ಪದೇ ಏನು ಮಾಡುತ್ತಾರೆ ನೋಡಿ. ಅದೊಂದನ್ನು ಬಟನ್‌ಗೆ ಕಟ್ಟಿ.

ನಾನು ಆರಿಸಿಕೊಂಡದ್ದು ಜಾರ್ಜ್ ರೊಮೆರೊ ಅವರ 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಎದ್ದು ಓಡಾಡುವ ಹೆಣಗಳಿಂದ ತಪ್ಪಿಸಿಕೊಳ್ಳಲು ಕೆಲವರು ಒಂದು ಮನೆಯೊಳಗೆ ಅಡಗುವ ಕಥೆ ಅದು. ಒಂದು ಕಾರಣ ಕಾನೂನು. ಬಿಡುಗಡೆಗೆ ಮುಂಚೆ ಸಿನಿಮಾದ ಹೆಸರು ಬದಲಾಯಿತು, ಹೊಸ ಹೆಸರಿನ ಜೊತೆ ಹಕ್ಕುಸ್ವಾಮ್ಯದ ಸೂಚನೆ ಹಾಕುವುದು ತಪ್ಪಿಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಒಂದು ಸಾಲು ಕಡ್ಡಾಯ. ಹಾಗಾಗಿ ಅಲ್ಲಿ ಆ ಸಿನಿಮಾ ಎಲ್ಲರ ಸ್ವತ್ತಾಗಿಬಿಟ್ಟಿತು. ಬೇರೆ ದೇಶಗಳ ಲೆಕ್ಕ ಬೇರೆ, ಆಟ ಮಾರುವ ಯೋಚನೆ ಇದ್ದರೆ ನಿಮ್ಮಲ್ಲಿಯ ನಿಯಮ ನೋಡಿಕೊಳ್ಳಿ. 1990ರ ರಿಮೇಕ್‌ನಿಂದ ಏನನ್ನೂ ಎತ್ತಬೇಡಿ, ಅದರ ಹಕ್ಕು ಬೇರೆ. ಇನ್ನೊಂದು ಕಾರಣ, ಇಡೀ ಸಿನಿಮಾ ಹೆಚ್ಚುಕಡಿಮೆ ಒಂದೇ ಮನೆಯಲ್ಲಿ, ಒಂದೇ ರಾತ್ರಿಯಲ್ಲಿ ನಡೆಯುತ್ತದೆ. ಒಬ್ಬರೇ ಕೂತು ಮಾಡುವ ಆಟಕ್ಕೆ ಇದಕ್ಕಿಂತ ಅನುಕೂಲ ಬೇಕಾ?

ಸಿನಿಮಾವನ್ನು ಒಂದು ಸಲ ಸುಮ್ನೆ ನೋಡಿ. ಇನ್ನೊಂದು ಸಲ ಪೆನ್ನು ಹಿಡಿದು ನೋಡಿ, ಪಾತ್ರಗಳು ಕೈಯಿಂದ ಮಾಡುವ ಕೆಲಸಗಳನ್ನಷ್ಟೇ ಬರೆಯಿರಿ. ನನ್ನ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದದ್ದು ಒಂದೇ: ಕಥಾನಾಯಕ ಬೆನ್ ಕಿಟಕಿಗೆ ಹಲಗೆ ಹೊಡೆಯುತ್ತಾನೆ. ಮೇಜು ಮುರಿಯುತ್ತಾನೆ, ಮೊಳೆ ಹುಡುಕುತ್ತಾನೆ, ಮತ್ತೆ ಹೊಡೆಯುತ್ತಾನೆ. ಬಂದೂಕು ಸಿಕ್ಕ ಮೇಲೂ ಭಯ ಇರುವುದು ಆ ಹಲಗೆಗಳ ಸಂದಿಯಲ್ಲೇ. ಆದ್ದರಿಂದ ನನ್ನ ಆಟದಲ್ಲಿ ಎ ಬಟನ್ ಅಂದರೆ ಸುತ್ತಿಗೆ. ಗುಂಡು ಹಾರಿಸುವ ಬಟನ್ ಇಲ್ಲವೇ ಇಲ್ಲ.

ಈ ದಾರಿಯಲ್ಲಿ ಮೊದಲೇ ನಡೆದವರಿದ್ದಾರೆ. 1989ರಲ್ಲಿ ಕ್ಯಾಪ್‌ಕಾಮ್ ಕಂಪನಿ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ 'ಸ್ವೀಟ್ ಹೋಮ್' ತಂದಿತು. ಅದೇ ವರ್ಷ, ಅದೇ ಹೆಸರಿನಲ್ಲಿ ಬಂದ ಜಪಾನಿ ಸಿನಿಮಾದ ಆಟ. ಐದು ಜನ ಒಂದು ಬಂಗಲೆ ಹೊಗುತ್ತಾರೆ. ಒಬ್ಬರ ಹತ್ತಿರ ಲೈಟರ್, ಒಬ್ಬರ ಹತ್ತಿರ ಕ್ಯಾಮೆರಾ, ಇನ್ನೊಬ್ಬರ ಹತ್ತಿರ ಕೀಲಿ. ಹೊರುವ ಸಾಮಾನಿಗೆ ಮಿತಿ ಇದೆ, ಸತ್ತವರು ವಾಪಸ್ ಬರುವುದಿಲ್ಲ. 1996ರ 'ರೆಸಿಡೆಂಟ್ ಈವಿಲ್' ಆಟ ಬೆಳೆದದ್ದು ಇದೇ ಬೇರಿನಿಂದ. 'ಸ್ವೀಟ್ ಹೋಮ್' ಆಟದ ಚಿತ್ರಗಳನ್ನು ನೋಡಿದರೆ ಇವತ್ತಿಗೆ ಏನೂ ಅನ್ನಿಸದಿರಬಹುದು, ಆದರೆ ಆಡುವಾಗ ಬೆವರುತ್ತದೆ. ಅಲ್ಲಿ ನಮ್ಮನ್ನು ಹೆದರಿಸುವುದು ಸಾಮಾನಿನ ಅಭಾವ.

ಸಾಧನಕ್ಕೆ ಜಿಬಿ ಸ್ಟುಡಿಯೋ ಎಂಬ ಸಾಫ್ಟ್‌ವೇರ್ ಸಾಕು. ಉಚಿತ, ಕೋಡ್ ಬರೆಯಲು ಬರದಿದ್ದರೂ ನಡೆಯುತ್ತದೆ. ಸೀನ್ ಅಂದರೆ ಒಂದು ಕೋಣೆ, ಆಕ್ಟರ್ ಅಂದರೆ ಓಡಾಡುವ ಪಾತ್ರ, ಟ್ರಿಗರ್ ಅಂದರೆ ಕಾಲಿಟ್ಟರೆ ಏನೋ ನಡೆಯುವ ಜಾಗ. ಮುಗಿದ ಆಟ ನಿಜವಾದ ಗೇಮ್‌ಬಾಯ್‌ನಲ್ಲಿ ಓಡುವ ಫೈಲ್ (ROM) ಆಗಿ ಹೊರಬರುತ್ತದೆ, ಬ್ರೌಸರ್‌ನಲ್ಲೂ ಓಡುತ್ತದೆ. ಕೋಡ್ ಇಷ್ಟಪಡುವವರು ಚಿಕ್ಕ ಆಟ ಮಾಡುವ ಇನ್ನೊಂದು ಸಾಫ್ಟ್‌ವೇರ್ ಪಿಕೋ-8 ನೋಡಬಹುದು, ಆದರೆ ಕಪ್ಪು-ಬಿಳುಪು ಸಿನಿಮಾಕ್ಕೆ ಗೇಮ್‌ಬಾಯ್‌ನ ನಾಲ್ಕು ಛಾಯೆಗಳೇ ಚೆಂದ.

ಈಗ ಚಿತ್ರ. ಪರದೆ 160 ಅಡ್ಡ, 144 ಉದ್ದ ಪಿಕ್ಸೆಲ್. ಅದನ್ನು 8x8 ಪಿಕ್ಸೆಲ್‌ನ ಚೌಕಗಳಾಗಿ, ಅಂದರೆ ಟೈಲ್‌ಗಳಾಗಿ ಒಡೆದರೆ 360 ಆಗುತ್ತದೆ. ಆದರೆ ಒಂದು ಹಿನ್ನೆಲೆಯಲ್ಲಿ 192 ಬೇರೆ ಬೇರೆ ಟೈಲ್‌ಗಿಂತ ಜಾಸ್ತಿ ಇಡುವಂತಿಲ್ಲ. ಅಂದರೆ ಅರ್ಧದಷ್ಟು ಗೋಡೆ, ನೆಲ ಮರುಬಳಕೆ ಆಗಲೇಬೇಕು. ಇದರಿಂದ ಬೇಸರ ಬೇಡ. ಒಂದೇ ಥರದ ಗೋಡೆ ಮನೆಯನ್ನು ಉಸಿರುಗಟ್ಟಿಸುವಂತೆ ಮಾಡುತ್ತದೆ, ನಮಗೆ ಬೇಕಾದದ್ದೂ ಅದೇ. ಬಣ್ಣಗಳನ್ನು ಪ್ರಾಜೆಕ್ಟ್ ಜೊತೆ ಬರುವ ಮಾದರಿ ಚಿತ್ರಗಳಿಂದಲೇ ಎತ್ತಿಕೊಂಡು, ಪಿಎನ್‌ಜಿ ಆಗಿ ಉಳಿಸಿ.

ಹೀಗೆ ಮರುಬಳಕೆಯಿಂದ ಮಿಗಿಸಿದ ಟೈಲ್‌ಗಳನ್ನೆಲ್ಲ ಕಿಟಕಿಗೆ ಸುರಿಯಿರಿ. ಕಿಟಕಿ 16x16, ನಾಲ್ಕು ಟೈಲ್. ಹೊರಗಿನ ರಾತ್ರಿ ಅತಿ ಗಾಢ ಛಾಯೆ. ಹಲಗೆಗಳು ನಡುವಿನ ಎರಡು ಛಾಯೆ, ಸ್ವಲ್ಪ ಓರೆಯಾಗಿರಲಿ, ಗಾಬರಿಯಲ್ಲಿ ಹೊಡೆದದ್ದು ನೇರ ಕೂರುವುದಿಲ್ಲ ಅಲ್ವಾ? ಎರಡು ಹಲಗೆಗಳ ನಡುವೆ ಒಂದು ಸಾಲು ಪಿಕ್ಸೆಲ್ ಸಂದಿ ಬಿಡಿ. ಆ ಸಂದಿಯಲ್ಲಿ ಅತಿ ತಿಳಿ ಛಾಯೆಯ ಮೂರು ಚುಕ್ಕೆ ಇಟ್ಟರೆ ಅವು ಬೆರಳು. ಅಷ್ಟೇ ಸಾಕು. ಮುಖ ಬಿಡಿಸಬೇಡಿ, ಕಣ್ಣು ಬಿಡಿಸಬೇಡಿ. ಆ ಮೂರು ಚುಕ್ಕೆ ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿದಾಗ ಮೈ ಜುಮ್ಮೆನ್ನುತ್ತದೆ.

ಕಿಟಕಿಯ ಲೆಕ್ಕ ಸುಲಭ. ಪ್ರತಿ ಕಿಟಕಿಗೆ ಒಂದು ವೇರಿಯಬಲ್ (ಆಟ ನೆನಪಿಟ್ಟುಕೊಳ್ಳುವ, ಬದಲಾಗುವ ಸಂಖ್ಯೆ): 0 ಅಂದರೆ ತೆರೆದಿದೆ, 3 ಅಂದರೆ ಮೂರು ಹಲಗೆ. ಎ ಒತ್ತಿದರೆ ಒಂದು ಏರುತ್ತದೆ, ಒಂದು ಹಲಗೆ, ಎರಡು ಮೊಳೆ ಖರ್ಚಾಗುತ್ತವೆ. ಹೊತ್ತಿಗೆ ತಕ್ಕಂತೆ ತಾನೇ ಓಡುವ ಟೈಮರ್ ಸ್ಕ್ರಿಪ್ಟ್ ಆಗಾಗ ಯಾವುದೋ ಒಂದು ಕಿಟಕಿಯಿಂದ ಒಂದನ್ನು ಇಳಿಸುತ್ತದೆ. ಸಂಖ್ಯೆ ಬದಲಾದಾಗ ಟೈಲ್ ಬದಲಿಸಿ. ಹಲಗೆ ಬೇಕಿದ್ದರೆ ಮೇಜು, ಬಾಗಿಲು ಒಡೆಯಬೇಕು. ಒಳಕೋಣೆಯ ಬಾಗಿಲು ಒಡೆದರೆ ಆಮೇಲೆ ಹಿಂದೆ ಸರಿದು ಮುಚ್ಚಿಕೊಳ್ಳಲು ಬಾಗಿಲೇ ಇಲ್ಲ. ನನ್ನ ಆಟದಲ್ಲಿ ನನಗೆ ತುಂಬಾ ಇಷ್ಟವಾದ ನಿಯಮ ಇದು.

ಹೆಣಗಳ ವಿಷಯದಲ್ಲಿ ಯಂತ್ರದ ಒಂದು ಮಿತಿ ತಿಳಿದಿರಲಿ. ಗೇಮ್‌ಬಾಯ್ ಪರದೆಯ ಒಂದು ಅಡ್ಡಗೆರೆಯಲ್ಲಿ ಹತ್ತೇ ಸ್ಪ್ರೈಟ್ (ಹಿನ್ನೆಲೆಯ ಮೇಲೆ ಓಡಾಡುವ, 8 ಪಿಕ್ಸೆಲ್ ಅಗಲದ ಚಿತ್ರ) ತೋರಿಸುತ್ತದೆ. 16 ಪಿಕ್ಸೆಲ್ ಅಗಲದ ಪಾತ್ರಕ್ಕೆ ಎರಡು ಸ್ಪ್ರೈಟ್ ಬೇಕು. ಅಂದರೆ ಒಂದು ಸಾಲಿನಲ್ಲಿ ಐದು ಪಾತ್ರ, ಅದರಲ್ಲಿ ಒಂದು ಬೆನ್. ಆರನೆಯದು ಬಂದರೆ ಯಾವುದೋ ಒಂದು ಪಾತ್ರ ಮಾಯವಾಗುತ್ತದೆ. ಗುಂಪು ತೋರಿಸಬೇಕಾದರೆ ಮೇಲೆ ಕೆಳಗೆ ಚದುರಿಸಿ, ದೂರದವರನ್ನು ಹಿನ್ನೆಲೆಯಲ್ಲೇ ಬಿಡಿಸಿಬಿಡಿ. ನಡಿಗೆಗೆ ಎರಡು ಫ್ರೇಮ್ ಸಾಕು, ನಿಧಾನ ಇರಲಿ. ಸಿನಿಮಾದಲ್ಲಿ ಅವು ಬೆಂಕಿಗೆ ಹೆದರುತ್ತವೆ. ಬೆನ್ ಕುರ್ಚಿಗೆ ಬೆಂಕಿ ಹಚ್ಚಿ ಹೊರಗೆ ತಳ್ಳುತ್ತಾನೆ. ಆಟದಲ್ಲಿ ಇದು ಒಂದೇ ಸಲ ಸಿಗುವ ಉಸಿರಾಟದ ಬಿಡುವು.

ಶಬ್ದಕ್ಕೆ ನಾಲ್ಕು ಚಾನೆಲ್ ಇವೆ: ಸ್ವರಕ್ಕೆ ಎರಡು ಪಲ್ಸ್, ಒಂದು ವೇವ್, ಬರೀ ಸದ್ದಿಗೆ ಒಂದು ನಾಯ್ಸ್. ಹಿನ್ನೆಲೆ ಸಂಗೀತ ಹಾಕಬೇಡಿ. ನಾಯ್ಸ್ ಚಾನೆಲ್‌ನಲ್ಲಿ ಚಿಕ್ಕ, ಗಟ್ಟಿ ಸುತ್ತಿಗೆ ಏಟು. ಸದ್ದಿಗೆ ಹೆಣಗಳು ಹತ್ತಿರ ಬರುವಂತೆ ಮಾಡಿ. ಆಗ ಕಾಪಾಡುವ ಕೆಲಸವೇ ಅಪಾಯ ಕರೆಯುತ್ತದೆ, ಆಡುವವರು ಎ ಒತ್ತುವ ಮುಂಚೆ ತಡೆದು ಯೋಚಿಸುತ್ತಾರೆ. ಮಾತು ಕಡಿಮೆ ಇರಲಿ. ಮನೆಯ ರೇಡಿಯೋ ಒಂದೆರಡು ಸಾಲು ಹೇಳಿದರೆ ಬೇಕಾದಷ್ಟಾಯಿತು.

ಸಿನಿಮಾ ನೋಡಿಲ್ಲದವರು ಈ ಪ್ಯಾರಾ ದಾಟಿ ಹೋಗಿ. ನೆಲಮಾಳಿಗೆಯೇ ಸುರಕ್ಷಿತ ಅಂತ ಅದೇ ಮನೆಯಲ್ಲಿ ಅಡಗಿರುವ ಕೂಪರ್ ಹಟ ಹಿಡಿಯುತ್ತಾನೆ, ಬೆನ್ ಒಪ್ಪುವುದಿಲ್ಲ. ಕೊನೆಗೆ ಬೆನ್ ಬದುಕುಳಿಯುವುದು ಅದೇ ನೆಲಮಾಳಿಗೆಯಲ್ಲಿ. ಬೆಳಿಗ್ಗೆ ಕಿಟಕಿ ಹತ್ತಿರ ಬಂದಾಗ, ಹೆಣ ಅಂದುಕೊಂಡ ಬೇಟೆಗಾರರ ಗುಂಡಿಗೆ ಬಲಿಯಾಗುತ್ತಾನೆ. ಇದನ್ನು ಸುಖಾಂತ್ಯ ಮಾಡಬೇಡಿ, ಸಿನಿಮಾಕ್ಕೆ ಮಾಡುವ ಅನ್ಯಾಯ ಅದು. ಹಾಗಂತ ಸುಮ್ನೆ ಕಟ್-ಸೀನ್ (ಆಡುವವರು ಬರೀ ನೋಡುವ ದೃಶ್ಯ) ತೋರಿಸಿಯೂ ಮುಗಿಸಬೇಡಿ. ಬೆಳಕಾಗಲಿ, ಹೊರಗೆ ಜನರ ಸದ್ದು ಕೇಳಲಿ, ಕಂಟ್ರೋಲ್ ಆಡುವವರ ಕೈಯಲ್ಲೇ ಇರಲಿ. ಕಿಟಕಿಗೆ ಅವರೇ ನಡೆದು ಹೋಗಬೇಕು. ಅಲ್ಲಿ ಟ್ರಿಗರ್ ಇಡಿ.

ಆಮೇಲೆ ಸಿನಿಮಾ ನೋಡದ ಒಬ್ಬರ ಕೈಗೆ ಆಟ ಕೊಟ್ಟು, ಬಾಯಿ ಬಿಡದೆ ಹಿಂದೆ ಕೂತು ನೋಡಿ. ಎಲ್ಲ ಕಿಟಕಿ ಮುಚ್ಚಿದ ಮೇಲೂ ಮೊಳೆ ಉಳಿದಿದ್ದರೆ ಡಬ್ಬಿಯಿಂದ ಸ್ವಲ್ಪ ತೆಗೆಯಿರಿ. ಒಂದು ಕಿಟಕಿಯನ್ನು ಬೇಕಂತಲೇ ಬಿಟ್ಟುಕೊಡಬೇಕಾದ ಹಂತ ಬರುವವರೆಗೂ ತೆಗೆಯುತ್ತಾ ಹೋಗಿ.